ಮನೆಯಲ್ಲಿ ಕಟ್ಟುವ ಡ್ಯಾಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಸರಗೋಡು ಜಿಲ್ಲೆಯ ಓದುಗರು ಕಳುಹಿಸಿದ, ಒಂದೇ ವಿಷಯಕ್ಕೆ ಸೇರಿದ ಕೆಲವು ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಕಂಪ್ಯೂಟರಿನಿಂದಲೋ ಸಿಡಿ ಪ್ಲೇಯರಿನಿಂದಲೋ ಅಂಕಿಗಳ ರೂಪದಲ್ಲಿ ಬರುವ ಧ್ವನಿಯನ್ನು, ಆಂಪ್ಲಿಫೈಯರಿಗೆ ಬೇಕಾದ ವೋಲ್ಟೇಜಿನ ಏರಿಳಿತವಾಗಿ ಮಾರ್ಪಡಿಸುವ ಸಾಧನವೇ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್. ಬಳಕೆಯಲ್ಲಿ ಅದನ್ನು ಡ್ಯಾಕ್ ಎನ್ನುತ್ತಾರೆ.

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿದ್ದ ಹಳೆಯ ತಾಳಮದ್ದಳೆ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದೇನೆ. ಅವನ್ನು ಚೆನ್ನಾಗಿ ಕೇಳುವುದಕ್ಕಾಗಿ ಒಂದು ಡ್ಯಾಕ್ ಅನ್ನು ನಾನೇ ಕಟ್ಟಬೇಕೆಂದಿದ್ದೇನೆ. ಅಂಗಡಿಯಲ್ಲಿ ಸಿಗುವ ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನು ಮಲ್ಟಿಮೀಟರಿನಲ್ಲಿ ಅಳೆದು ಆರಿಸಿಕೊಂಡು, 16 ಬಿಟ್ಟಿನ ಆರ್-ಟೂಆರ್ ಏಣಿ ಮಾಡಿದರೆ ಹೈಫೈ ಗುಣಮಟ್ಟ ಬರಬಹುದೇ? — ಪೆರ್ಲದ ಓದುಗರು

ಉತ್ತರ: ಬರುವುದಿಲ್ಲ. ಆದರೆ ಏಕೆ ಬರುವುದಿಲ್ಲ ಎಂಬುದನ್ನು ಅರಿತರೆ ಡ್ಯಾಕಿನ ಅರ್ಧ ವಿದ್ಯೆ ಕೈಗೆ ಬಂದಂತೆ; ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ; ಆ ಬಿಟ್ಟುಗಳ ವೋಲ್ಟೇಜುಗಳನ್ನು ತಕ್ಕ ಪ್ರಮಾಣದಲ್ಲಿ ಕೂಡಿಸುವ ರೆಸಿಸ್ಟರುಗಳ ಜಾಲವೇ ಆರ್-ಟೂಆರ್ ಏಣಿ. ಅದರಲ್ಲಿ ಒಂದು ರೋಧದ (ಆರ್) ರೆಸಿಸ್ಟರ್ ಮತ್ತು ಅದರ ಇಮ್ಮಡಿ ರೋಧದ (ಟೂಆರ್) ರೆಸಿಸ್ಟರ್ ಮಾತ್ರ ಇರುತ್ತವೆ. 16 ಬಿಟ್ಟಿಗೆ, ಕೊನೆಯ ಮೆಟ್ಟಿಲಿನದ್ದೂ ಸೇರಿ, ಒಂದು ಚಾನೆಲಿಗೆ 32 ರೆಸಿಸ್ಟರುಗಳು ಬೇಕು. ಅತಿ ಮೇಲಿನ ಬಿಟ್ ಒಟ್ಟು ವೋಲ್ಟೇಜಿನ ಅರ್ಧದಷ್ಟನ್ನು, ಅದರ ಕೆಳಗಿನದು ಕಾಲುಭಾಗವನ್ನು ಕೊಡುತ್ತದೆ. ಹೀಗೆ ಇಳಿಯುತ್ತಾ ಹೋಗಿ ಕೊನೆಯ ಬಿಟ್ 65,536ರಲ್ಲಿ ಒಂದು ಪಾಲನ್ನು ಮಾತ್ರ ಕೊಡುತ್ತದೆ. ಮೇಲಿನ ಬಿಟ್ಟಿನ ರೆಸಿಸ್ಟರಿನಲ್ಲಿ ಶೇಕಡಾ 1ರಷ್ಟು ವ್ಯತ್ಯಾಸವಿದ್ದರೆ ಒಟ್ಟು ವೋಲ್ಟೇಜಿನಲ್ಲಿ ಸುಮಾರು ಇನ್ನೂರರಲ್ಲಿ ಒಂದು ಪಾಲಿನ ತಪ್ಪು ಸೇರಿಕೊಳ್ಳುತ್ತದೆ. ಅಂದರೆ ಕೆಳಗಿನ ಎಂಟು ಬಿಟ್ಟುಗಳು ಹೇಳುವ ಸಂಗತಿಯೆಲ್ಲ ಈ ಒಂದು ತಪ್ಪಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಶೇಕಡಾ 0.1ರ ರೆಸಿಸ್ಟರ್ ಹಾಕಿದರೆ 11 ಬಿಟ್ಟಿನ ಹತ್ತಿರ, ಶೇಕಡಾ 0.01ರದ್ದು ಹಾಕಿದರೆ 14 ಬಿಟ್ಟಿನ ಹತ್ತಿರ ತಲುಪಬಹುದು.

ಆರಿಸಿಕೊಳ್ಳುತ್ತೇನೆ ಎಂದಿದ್ದೀರಿ. ಆರಿಸುವಾಗ ಮೀಟರಿನ ಅಳತೆ ನಿಜವಾದ ಓಮಿಗೆ ಸರಿಹೊಂದಬೇಕಾಗಿಲ್ಲ, ರೆಸಿಸ್ಟರುಗಳು ಒಂದಕ್ಕೊಂದು ಹೊಂದಿದರೆ ಸಾಕು ಎಂಬುದು ನಿಜವೇ. ಆದರೆ ಸಾಮಾನ್ಯ ಮೂರೂವರೆ ಅಂಕಿಯ ಮಲ್ಟಿಮೀಟರನ್ನು 20 ಕಿಲೋಓಮಿನ ರೇಂಜಿನಲ್ಲಿಟ್ಟು 10 ಕಿಲೋಓಮಿನ ರೆಸಿಸ್ಟರನ್ನು ಅಳೆದರೆ ಅದು 10.00 ಎಂದಷ್ಟೇ ತೋರಿಸುತ್ತದೆ. ಅದರ ಕೊನೆಯ ಅಂಕಿಯೇ 10 ಓಮ್, ಅಂದರೆ ಶೇಕಡಾ 0.1. ಅದಕ್ಕಿಂತ ಸೂಕ್ಷ್ಮವಾದ ವ್ಯತ್ಯಾಸ ಆ ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಅದೂ ಸಾಲದೆಂಬಂತೆ, ಸಾಮಾನ್ಯ ಮೆಟಲ್ ಫಿಲ್ಮ್ ರೆಸಿಸ್ಟರಿನ ರೋಧ ಒಂದು ಡಿಗ್ರಿ ಉಷ್ಣತೆಗೆ ದಶಲಕ್ಷದಲ್ಲಿ 50ರಿಂದ 100 ಪಾಲಿನಷ್ಟು ಬದಲಾಗುತ್ತದೆ. 16ನೆಯ ಬಿಟ್ಟಿನ ಒಟ್ಟು ಪಾಲೇ ದಶಲಕ್ಷದಲ್ಲಿ 15. ರೆಸಿಸ್ಟರುಗಳನ್ನು ಚಾಲನೆ ಮಾಡುವ ಶಿಫ್ಟ್ ರಿಜಿಸ್ಟರ್ ಚಿಪ್ಪಿನ ಒಳಗೂ ಕೆಲವು ಹತ್ತು ಓಮಿನ ರೋಧವಿರುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆ.

ಇನ್ನೂ ಮುಖ್ಯವಾದ ಸಂಗತಿ ಈ ತಪ್ಪು ಬೀಳುವ ಜಾಗ. ಧ್ವನಿಯ ಅಲೆ ಸೊನ್ನೆಯನ್ನು ದಾಟುವಾಗಲೆಲ್ಲ ಮೇಲಿನ ಬಿಟ್ ಒಂದು ಕಡೆಗೆ, ಉಳಿದ ಹದಿನೈದೂ ಇನ್ನೊಂದು ಕಡೆಗೆ ಒಮ್ಮೆಲೇ ಮಗುಚುತ್ತವೆ. ಗಟ್ಟಿಯಾದ ಧ್ವನಿಯಲ್ಲಿ ಈ ಜಿಗಿತ ಮುಚ್ಚಿಹೋದೀತು. ಆದರೆ ಭಾಗವತರು ಪದವನ್ನು ಮುಗಿಸಿ ಅರ್ಥಧಾರಿ ಮೆಲುದನಿಯಲ್ಲಿ ಮಾತಿಗೆ ತೊಡಗುವ ಸ್ಥಳವಿದೆಯಲ್ಲ, ಅಲ್ಲಿ ಇಡೀ ಧ್ವನಿ ಸೊನ್ನೆಯ ಆಸುಪಾಸಿನಲ್ಲೇ ಸುಳಿದಾಡುತ್ತಿರುತ್ತದೆ. ಆಗ ದೊಡ್ಡ ಬಿಟ್ಟಿನ ತಪ್ಪು ಸಣ್ಣ ಧ್ವನಿಯ ಮೇಲೆ ಬಂದು ಕೂತು, ಮಾತಿನ ಅಂಚು ಒರಟಾಗಿ ಕೇಳಿಸುತ್ತದೆ. ತಾವು ಕೇಳಬೇಕೆಂದಿರುವುದು ತಾಳಮದ್ದಳೆಯನ್ನೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕಲಿಯುವ ಸಲುವಾಗಿಯಾದರೆ 8 ಬಿಟ್ಟಿನ ಏಣಿಯೊಂದನ್ನು ಅವಶ್ಯವಾಗಿ ಕಟ್ಟಿ ನೋಡಿ. ಶೇಕಡಾ 1ರ ರೆಸಿಸ್ಟರುಗಳಿಗೆ ಅದು ಹೆಚ್ಚುಕಡಿಮೆ ತಕ್ಕ ಕೆಲಸ, ಸುಮಾರು 50 ಡೆಸಿಬೆಲಿನ ವ್ಯಾಪ್ತಿ (ಅತಿ ಗಟ್ಟಿ ಧ್ವನಿಗೂ ಅತಿ ಮೆಲ್ಲನೆಯ ಧ್ವನಿಗೂ ಇರುವ ಅಂತರ) ಸಿಗುತ್ತದೆ, ಮೆಟ್ಟಿಲುಗಳನ್ನು ಆಸಿಲೋಸ್ಕೋಪಿನಲ್ಲಿ ಕಣ್ಣಾರೆ ಕಾಣಬಹುದು. ಕೇಳುವುದಕ್ಕೆ ಮಾತ್ರ ಸಿದ್ಧ ಡ್ಯಾಕ್ ಚಿಪ್ಪನ್ನೇ ಬಳಸಿ.

ಪ್ರಶ್ನೆ: ಚಿಪ್ ಬಳಸುವುದಾದರೆ ಯಾವುದು ಒಳ್ಳೆಯದು? ಫಿಲಿಪ್ಸಿನ ಹಳೆಯ ಟಿಡಿಎ 1541ಕ್ಕೆ ಸಮನಾದುದು ಇಂದಿಗೂ ಇಲ್ಲವೆಂದು ಕೆಲವರು ಹೇಳುತ್ತಾರೆ. ಆನ್‌ಲೈನಿನಲ್ಲಿ ಸಿಗುವ ಪಿಸಿಎಂ 5102ಎ ಬೋರ್ಡು ಬಹಳ ಅಗ್ಗ. ಅಷ್ಟು ಅಗ್ಗದ್ದು ಚೆನ್ನಾಗಿರಲು ಸಾಧ್ಯವೇ? ನನ್ನ ಬಳಿ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದೆ. — ಮಂಜೇಶ್ವರದ ಓದುಗರು

ಉತ್ತರ: ಟಿಡಿಎ 1541 ನಿಜಕ್ಕೂ ಗೌರವಕ್ಕೆ ಅರ್ಹವಾದ ಚಿಪ್. 1980ರ ದಶಕದ ನಡುವಿನಲ್ಲಿ, ಸಿಡಿ ಬಂದು ಇನ್ನೂ ಹೆಚ್ಚು ಕಾಲವಾಗದಿದ್ದಾಗ, ಎರಡು ಚಾನೆಲುಗಳ 16 ಬಿಟ್ಟನ್ನು ಒಂದೇ ಚಿಪ್ಪಿನಲ್ಲಿ ಕೊಟ್ಟದ್ದು ಸಣ್ಣ ಸಾಧನೆಯಲ್ಲ. ಆದರೆ ಅದರ ತಯಾರಿಕೆ ನಿಂತು ಬಹಳ ಕಾಲವಾಯಿತು. ಈಗ ಸಿಗುವವುಗಳಲ್ಲಿ ಹಳೆಯ ಯಂತ್ರಗಳಿಂದ ಕಿತ್ತವು, ಮೇಲಿನ ಅಕ್ಷರಗಳನ್ನು ಉಜ್ಜಿ ಹೊಸದಾಗಿ ಅಚ್ಚು ಹಾಕಿದವು ಧಾರಾಳವಾಗಿವೆ. ಅದಕ್ಕೆ ಧನ 5, ಋಣ 5 ಮತ್ತು ಋಣ 15 ವೋಲ್ಟುಗಳ ಮೂರು ಸಪ್ಲೈ ಬೇಕು. ಮೊದಲ ಸಲ ಕಟ್ಟುವವರಿಗೆ ನಾನು ಅದನ್ನು ಸಲಹೆ ಮಾಡಲಾರೆ. ಹಳೆಯ ಬಗೆಯದ್ದೇ ಬೇಕೆಂದಿದ್ದರೆ ಅದರ ತಮ್ಮನಂತಿರುವ ಟಿಡಿಎ 1543 ಒಂದೇ 5 ವೋಲ್ಟಿನಲ್ಲಿ ನಡೆಯುತ್ತದೆ, ಎಂಟೇ ಕಾಲು, ಬೆಸುಗೆ ಸುಲಭ. ಓವರ್‌ಸ್ಯಾಂಪ್ಲಿಂಗ್ (ಧ್ವನಿಯ ಮಾದರಿಗಳ ನಡುವೆ ಲೆಕ್ಕಹಾಕಿದ ಹೊಸ ಮಾದರಿಗಳನ್ನು ತುಂಬುವುದು) ಇಲ್ಲದೆ ಅದನ್ನು ನಡೆಸಿದರೆ ಸಿಡಿಯ ಧ್ವನಿ 20 ಕಿಲೋಹರ್ಟ್ಸಿನಲ್ಲಿ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ಕೆಲವರು ಮೆಚ್ಚುವ ಆ ‘ಮೃದುತ್ವ’ದ ಒಂದು ಪಾಲು ಈ ಇಳಿತವೇ.

ಇನ್ನು ಪಿಸಿಎಂ 5102ಎ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕೊಡುವ ಅಂಕಿಯಂತೆ ಅದರ ವ್ಯಾಪ್ತಿ 112 ಡೆಸಿಬೆಲ್; 16 ಬಿಟ್ಟಿನ ಸಿದ್ಧಾಂತದ ಮಿತಿ 98. ಋಣ ವೋಲ್ಟೇಜನ್ನು ಅದು ತನ್ನೊಳಗೇ ಹುಟ್ಟಿಸಿಕೊಳ್ಳುವುದರಿಂದ 3.3 ವೋಲ್ಟಿನ ಒಂದೇ ಸಪ್ಲೈ ಸಾಕು, ಹೊರಬರುವ 2.1 ವೋಲ್ಟಿನ ಸಿಗ್ನಲ್ ಸೊನ್ನೆಯ ಎರಡೂ ಬದಿಗೆ ಆಡುವುದರಿಂದ ಔಟ್‌ಪುಟ್ ಕೆಪಾಸಿಟರೂ ಬೇಡ. ಅಗ್ಗವೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕಬೇಡಿ. ಮನೆಯಲ್ಲಿ ಕಟ್ಟಿದ ಡ್ಯಾಕ್ ಕೆಟ್ಟದಾಗಿ ಕೇಳಿಸಿದರೆ ಚಿಪ್ಪಿನ ಆಯ್ಕೆ ಅದಕ್ಕೆ ಕಾರಣವಾಗಿರುವುದು ವಿರಳ; ಅದರ ಸುತ್ತಲಿನ ಗಡಿಯಾರ (ಬಿಟ್ಟುಗಳಿಗೆ ಕಾಲದ ಬಡಿತ ಕೊಡುವ ಕ್ಲಾಕ್), ಸಪ್ಲೈ ಮತ್ತು ಗ್ರೌಂಡ್ ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ. ಹಣವನ್ನೂ ಗಮನವನ್ನೂ ಅಲ್ಲಿಗೆ ಕೊಡಿ ಎಂಬುದೇ ನನ್ನ ಅಭಿಪ್ರಾಯ.

ಬೋರ್ಡು ಕೈಗೆ ಬಂದ ಕೂಡಲೇ ಅದರ ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ನಾಲ್ಕು ಜೋಡಿ ಸಣ್ಣ ಬೆಸುಗೆ ಸೇತುವೆಗಳಿರುತ್ತವೆ. ಮ್ಯೂಟಿನ ಕಾಲು ಮೇಲಿನ ಮಟ್ಟಕ್ಕೆ, ಎಂದರೆ 3.3 ವೋಲ್ಟಿಗೆ, ಸೇರಿರದಿದ್ದರೆ ಚಿಪ್ ಮೌನವಾಗಿಯೇ ಇರುತ್ತದೆ. ಎಸ್‌ಸಿಕೆ ಎಂಬ ಸಿಸ್ಟಂ ಕ್ಲಾಕಿನ ಕಾಲನ್ನು ಗ್ರೌಂಡಿಗೆ ಸೇರಿಸಿದರೆ ಚಿಪ್ ಬಿಟ್ ಕ್ಲಾಕಿನಿಂದ ತನಗೆ ಬೇಕಾದುದನ್ನು ಒಳಗೇ ತಯಾರಿಸಿಕೊಳ್ಳುತ್ತದೆ. ಸೇರಿಸದೆ ತೇಲಲು ಬಿಟ್ಟರೆ ಕರಕರ ಸದ್ದು, ಇಲ್ಲವೇ ನಿಶ್ಶಬ್ದ. ‘ಬೋರ್ಡು ಕೆಟ್ಟಿದೆ’ ಎಂದು ಬರೆಯುವವರಲ್ಲಿ ಹೆಚ್ಚಿನವರ ತೊಂದರೆ ಈ ಎರಡು ಕಾಲುಗಳದ್ದೇ.

ರಾಸ್ಪ್‌ಬೆರಿ ಪೈಯಿಂದ ಐ-ಟೂ-ಎಸ್ ಸಿಗ್ನಲ್ (ಚಿಪ್ಪಿನಿಂದ ಚಿಪ್ಪಿಗೆ ಅಂಕಿಗಳ ಧ್ವನಿಯನ್ನು ಸಾಗಿಸುವ ರೀತಿ) ತೆಗೆಯಲು 12ನೆಯ ಪಿನ್ನಿನಲ್ಲಿ ಬಿಟ್ ಕ್ಲಾಕ್, 35ರಲ್ಲಿ ಎಡಬಲವನ್ನು ಹೇಳುವ ಕ್ಲಾಕ್, 40ರಲ್ಲಿ ದತ್ತಾಂಶ ಸಿಗುತ್ತವೆ. ವಯರುಗಳು ಒಂದು ಗೇಣಿಗಿಂತ ಗಿಡ್ಡವಾಗಿರಲಿ, ಪ್ರತಿಯೊಂದರ ಜೊತೆಗೂ ಗ್ರೌಂಡ್ ವಯರು ಸಾಗಲಿ, ಪೈಯ ಕಡೆಯ ತುದಿಯಲ್ಲಿ 33 ಓಮಿನ ರೆಸಿಸ್ಟರ್ ಇರಲಿ. ಆದರೆ ಒಂದು ಮಾತು ತಿಳಿದಿರಬೇಕು: ಸಿಡಿಯ 44.1 ಕಿಲೋಹರ್ಟ್ಸಿಗೆ (ಸೆಕೆಂಡಿಗೆ 44,100 ಮಾದರಿಗಳು) ಸಮನಾಗಿ ಭಾಗಿಸಲು ಬರುವ ಹರಳು, ಎಂದರೆ ಕ್ಲಾಕಿಗೆ ಬಡಿತ ಕೊಡುವ ಕ್ರಿಸ್ಟಲ್, ಪೈಯಲ್ಲಿಲ್ಲ. ಅದು ಭಿನ್ನರಾಶಿಯ ಭಾಗಾಕಾರದಿಂದ ಹೇಗೋ ಸರಾಸರಿ ಹೊಂದಿಸುತ್ತದೆ. ಹಾಗಾಗಿ ಕ್ಲಾಕಿನ ಒಂದೊಂದು ಬಡಿತ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಬೀಳುತ್ತದೆ. ಇದೇ ಜಿಟರ್. 20 ಕಿಲೋಹರ್ಟ್ಸಿನ ಪೂರ್ಣ ಮಟ್ಟದ ಅಲೆಯಲ್ಲಿ 16 ಬಿಟ್ಟಿನ ಅರ್ಧ ಮೆಟ್ಟಿಲಿನಷ್ಟು ತಪ್ಪಾಗಲು ಸುಮಾರು 120 ಪಿಕೊಸೆಕೆಂಡಿನ ಏರುಪೇರು ಸಾಕು. ತಾಳದ ಕಂಚಿನ ನಾದದಂತಹ ಎತ್ತರದ ಧ್ವನಿಗಳೇ ಇದಕ್ಕೆ ಮೊದಲು ಗುರಿಯಾಗುವುವು.

ಮೊದಲು ಪೈಯಿಂದಲೇ ಆರಂಭಿಸಿ, ತಪ್ಪಿಲ್ಲ. ಮುಂದೆ ಸುಧಾರಿಸಬೇಕೆನಿಸಿದಾಗ ಡ್ಯಾಕ್ ಚಿಪ್ಪನ್ನು ಬದಲಿಸಲು ಹೋಗದೆ, 22.5792 ಮತ್ತು 24.576 ಮೆಗಾಹರ್ಟ್ಸಿನ ಎರಡು ಹರಳುಗಳಿರುವ ಅಸಿಂಕ್ರನಸ್ ಯುಎಸ್‌ಬಿ ಬೋರ್ಡೊಂದನ್ನು ನಡುವೆ ಸೇರಿಸಿ. ಮೊದಲನೆಯದನ್ನು 512ರಿಂದ ಭಾಗಿಸಿದರೆ 44.1, ಎರಡನೆಯದನ್ನು ಭಾಗಿಸಿದರೆ 48 ಕಿಲೋಹರ್ಟ್ಸ್ ಶೇಷವಿಲ್ಲದೆ ಬರುತ್ತದೆ. ಈ ವ್ಯವಸ್ಥೆಯಲ್ಲಿ ಬೋರ್ಡಿನ ಗಡಿಯಾರವೇ ಯಜಮಾನ. ದತ್ತಾಂಶವನ್ನು ಎಷ್ಟು ವೇಗದಲ್ಲಿ ಕಳುಹಿಸಬೇಕೆಂದು ಅದೇ ಕಂಪ್ಯೂಟರಿಗೆ ಹೇಳುತ್ತದೆ.

ಪ್ರಶ್ನೆ: ಡ್ಯಾಕ್ ಕಟ್ಟಿಯಾಯಿತು, ಹಾಡು ಬರುತ್ತಿದೆ. ಆದರೆ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಜೋಡಿಸಿದಾಗ ‘ಗುಂಯ್’ ಎಂಬ ಸದ್ದು ನಿಲ್ಲುವುದಿಲ್ಲ. ಮೊಬೈಲ್ ಚಾರ್ಜರಿನಿಂದ 5 ವೋಲ್ಟ್ ಕೊಟ್ಟಿದ್ದೇನೆ. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ ತೆಗೆದರೆ ಸರಿಹೋಗುತ್ತದೆಂದು ಗೆಳೆಯರು ಹೇಳಿದರು, ತೆಗೆಯಬಹುದೇ? — ಬದಿಯಡ್ಕದ ಓದುಗರು

ಉತ್ತರ: ದಯವಿಟ್ಟು ತೆಗೆಯಬೇಡಿ. ಸದ್ದು ನಿಂತೀತು, ಆದರೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನೊಳಗೆ ಎಂದಾದರೂ ಇನ್ಸುಲೇಶನ್ ಕೆಟ್ಟರೆ 230 ವೋಲ್ಟ್ ಅದರ ಲೋಹದ ಪೆಟ್ಟಿಗೆಗೂ, ಅಲ್ಲಿಂದ ಕೇಬಲಿನ ಮೂಲಕ ತಮ್ಮ ಕೈಗೂ ಬರುತ್ತದೆ. ಮನೆಯಲ್ಲಿ ಮಕ್ಕಳಿದ್ದರಂತೂ ಈ ಯೋಚನೆಯನ್ನೇ ಬಿಡಬೇಕು.

ಸದ್ದಿನ ಮೂಲವನ್ನು ಹುಡುಕಲು ಮೊದಲು ಕಂಪ್ಯೂಟರಿನ ಕೇಬಲನ್ನು ಕಳಚಿ, ಡ್ಯಾಕಿಗೂ ಆಂಪ್ಲಿಫೈಯರಿಗೂ ಇರುವ ಕೇಬಲನ್ನು ಹಾಗೆಯೇ ಬಿಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ಪ್ರತ್ಯೇಕ ಅರ್ತ್ ವಯರುಗಳಿದ್ದು, ಸಿಗ್ನಲ್ ಕೇಬಲಿನ ಕವಚ ಅವೆರಡನ್ನೂ ಮತ್ತೊಮ್ಮೆ ಕೂಡಿಸಿ ದೊಡ್ಡ ಬಳೆಯಂತಹ ದಾರಿಯನ್ನು ಮಾಡಿರುತ್ತದೆ. ಆ ದಾರಿಯಲ್ಲಿ ಹರಿಯುವ 50 ಹರ್ಟ್ಸಿನ ಸಣ್ಣ ಕರೆಂಟು ಕವಚದ ರೋಧದಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ, ಅದೇ ಧ್ವನಿಯ ಜೊತೆ ಸೇರುತ್ತದೆ. ಎರಡೂ ಉಪಕರಣಗಳು ಬೇರೆ ಬೇರೆ ಕೋಣೆಯ ಸಾಕೆಟ್ಟಿನಿಂದ ಕರೆಂಟ್ ಪಡೆಯುತ್ತಿದ್ದರೆ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ. ಬಹಳ ಮನೆಗಳಲ್ಲಿ ಇಷ್ಟರಲ್ಲೇ ಅರ್ಧ ಸದ್ದು ಇಳಿಯುತ್ತದೆ. ನಮ್ಮ ಮುರಕಲ್ಲಿನ ಗುಡ್ಡಗಳ ಮೇಲಿನ ಮನೆಗಳಲ್ಲಿ ಬೇಸಗೆ ಬಂದಾಗ ಅರ್ತಿಂಗಿನ ಗುಂಡಿ ಒಣಗಿ ಅದರ ರೋಧ ಏರುತ್ತದೆ. ಗುಂಡಿಗೆ ನೀರು ಹಾಕಿಸಿ, ಇಲೆಕ್ಟ್ರಿಷಿಯನ್ ಒಬ್ಬರಿಂದ ಅರ್ತಿಂಗನ್ನು ಪರೀಕ್ಷಿಸಿಕೊಳ್ಳಿ. ಲೂಪಿನ ಸದ್ದು ಅದರಿಂದ ಹೋಗುತ್ತದೆಂದು ನಾನು ಹೇಳುತ್ತಿಲ್ಲ. ಇದು ಮನೆಯವರ ಸುರಕ್ಷತೆಗಾಗಿ.

ಲೂಪಿಗೆ ಖಚಿತವಾದ ಪರಿಹಾರವೆಂದರೆ ಕಂಪ್ಯೂಟರಿಗೂ ಡ್ಯಾಕಿಗೂ ನಡುವೆ ವಿದ್ಯುತ್ ಸಂಪರ್ಕವೇ ಇಲ್ಲದಂತೆ ಮಾಡುವುದು. ಕಂಪ್ಯೂಟರಿನಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಟಾಸ್‌ಲಿಂಕ್ ಕೇಬಲ್ ಹಾಕಿ. ಬೆಳಕು ಮಾತ್ರ ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಆಗ ಡ್ಯಾಕಿನ ಮುಂದೆ ಸಿಎಸ್ 8416ರಂತಹ ರಿಸೀವರ್ ಚಿಪ್ ಬೇಕಾಗುತ್ತದೆ. ಯುಎಸ್‌ಬಿಯೇ ಆಗಬೇಕೆಂದಿದ್ದರೆ ಎಡಿಯುಎಂ 4160 ಚಿಪ್ಪಿನ ಐಸೊಲೇಟರ್ ಸಿಗುತ್ತದೆ. ಅದು ಸೆಕೆಂಡಿಗೆ 12 ಮೆಗಾಬಿಟ್ಟಿನ ವೇಗಕ್ಕೆ ಮಾತ್ರ ತಕ್ಕದ್ದು, ಎಂದರೆ 24 ಬಿಟ್, 96 ಕಿಲೋಹರ್ಟ್ಸಿನವರೆಗಿನ ಧ್ವನಿಗೆ ಸಾಕು, ಅದಕ್ಕಿಂತ ಮೇಲಿನದಕ್ಕೆ ಒದಗದು.

ಕಂಪ್ಯೂಟರನ್ನು ಕಳಚಿದ ಮೇಲೂ ಸದ್ದು ಉಳಿದರೆ ತಪ್ಪು ಸಪ್ಲೈಯದ್ದು. ಮೊಬೈಲ್ ಚಾರ್ಜರನ್ನು ಬ್ಯಾಟರಿ ತುಂಬಿಸಲೆಂದು ಮಾಡಿದ್ದಾರೆ. ಅದರ ಸ್ವಿಚಿಂಗ್ ಸದ್ದು ಬ್ಯಾಟರಿಗೆ ಲೆಕ್ಕಕ್ಕಿಲ್ಲ, ಡ್ಯಾಕಿಗೆ ಲೆಕ್ಕಕ್ಕಿದೆ. 2 ವೋಲ್ಟಿನ ಔಟ್‌ಪುಟ್ ಇರುವಾಗ 16 ಬಿಟ್ಟಿನ ಒಂದು ಮೆಟ್ಟಿಲು ಸುಮಾರು 86 ಮೈಕ್ರೋವೋಲ್ಟ್ ಎಂಬುದನ್ನು ನೆನಪಿನಲ್ಲಿಡಿ. ನಾನು ಹೇಳುವ ಸಪ್ಲೈ ಹೀಗಿದೆ: 9 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್, ಅದರ ಪ್ರೈಮರಿಯಲ್ಲಿ ತಪ್ಪದೆ ಫ್ಯೂಸ್; ಬ್ರಿಜ್ ರೆಕ್ಟಿಫೈಯರ್; 2,200 ಮೈಕ್ರೋಫ್ಯಾರಡಿನ ಕೆಪಾಸಿಟರ್. ಈ ಕೆಪಾಸಿಟರಿನ ಮೇಲೆ ಸುಮಾರು 11 ವೋಲ್ಟ್ ಬರುತ್ತದೆ. 150 ಮಿಲಿಆಂಪ್ ಎಳೆದರೆ 100 ಹರ್ಟ್ಸಿನ ಏರಿಳಿತ 0.7 ವೋಲ್ಟಿನಷ್ಟಾಗುತ್ತದೆ, ಮುಂದಿನ ರೆಗ್ಯುಲೇಟರ್ ಅದನ್ನು ತಡೆಯಬಲ್ಲದು. ಅಲ್ಲಿ ಎಲ್‌ಎಂ 317 ಹಾಕಿ 5 ವೋಲ್ಟಿಗೆ ಇಳಿಸಿ, ಅದರ ಅಡ್ಜಸ್ಟ್ ಕಾಲಿಗೆ 10 ಮೈಕ್ರೋಫ್ಯಾರಡ್ ಸೇರಿಸಿ. ಏರಿಳಿತವನ್ನು ತಡೆಯುವ ಶಕ್ತಿ ಅದರಿಂದ 65 ಡೆಸಿಬೆಲಿನಿಂದ 80ಕ್ಕೆ ಏರುತ್ತದೆ. ಆದರೆ 317ರಿಂದ ನೇರವಾಗಿ 3.3 ವೋಲ್ಟ್ ತೆಗೆದು ಚಿಪ್ಪಿಗೆ ಕೊಡಬೇಡಿ, ಅದರ ಸ್ವಂತ ಸದ್ದೇ 100 ಮೈಕ್ರೋವೋಲ್ಟಿನ ಹತ್ತಿರ ಇರುತ್ತದೆ. ಆ 5 ವೋಲ್ಟಿನ ಮುಂದೆ ಎಲ್‌ಟಿ 1763ರಂತಹ ಕಡಿಮೆ ಸದ್ದಿನ ರೆಗ್ಯುಲೇಟರ್ ಬರಲಿ, ಅದರದ್ದು 20 ಮೈಕ್ರೋವೋಲ್ಟ್. ಎಲ್‌ಟಿ 3042 ಒಂದು ಮೈಕ್ರೋವೋಲ್ಟಿಗಿಂತಲೂ ಕೆಳಗಿಳಿಯುತ್ತದೆ, ಆದರೆ ಅದರ ಬೆಸುಗೆಗೆ ಪಳಗಿದ ಕೈ ಬೇಕು.

ಇಷ್ಟು ಮಾಡಿ ಡಿಕಪ್ಲಿಂಗ್ ಕೆಪಾಸಿಟರನ್ನು (ಸಪ್ಲೈಯ ಸದ್ದನ್ನು ಚಿಪ್ಪಿನ ಬಳಿಯಲ್ಲೇ ಗ್ರೌಂಡಿಗೆ ಇಳಿಸುವಂಥದ್ದು) ದೂರವಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ. 0.1 ಮೈಕ್ರೋಫ್ಯಾರಡಿನ ಸೆರಾಮಿಕ್ ಕೆಪಾಸಿಟರ್ ಚಿಪ್ಪಿನ ಸಪ್ಲೈ ಕಾಲಿನಿಂದ ಎರಡು ಮೂರು ಮಿಲಿಮೀಟರಿನೊಳಗೆ ಇರಬೇಕು, ಅದರ ಇನ್ನೊಂದು ಕಾಲು ಅಲ್ಲಿಯೇ ಗ್ರೌಂಡಿಗೆ ಇಳಿಯಬೇಕು. ರಂಧ್ರಗಳ ಸಾಮಾನ್ಯ ಬೋರ್ಡಿನಲ್ಲಿ ಉದ್ದ ವಯರು ಎಳೆದು ಇದನ್ನು ಸಾಧಿಸಲಾಗದು. ಎರಡು ಬದಿಯ ಪಿಸಿಬಿಯಲ್ಲಿ ಒಂದು ಬದಿಯನ್ನು ಪೂರ್ತಿ ಗ್ರೌಂಡಿಗೆ ಬಿಟ್ಟುಕೊಡಿ, ಡಿಜಿಟಲಿಗೆ ಒಂದು, ಅನಲಾಗಿಗೆ ಒಂದು ಎಂದು ಅದನ್ನು ಸೀಳಬೇಡಿ. ಭಾಗಗಳನ್ನು ಬೋರ್ಡಿನ ಎರಡು ತುದಿಗಳಲ್ಲಿ ಇಟ್ಟರೆ ಕರೆಂಟುಗಳು ತಾವಾಗಿಯೇ ದೂರ ಉಳಿಯುತ್ತವೆ. ಔಟ್‌ಪುಟ್ಟಿನಲ್ಲಿ 470 ಓಮ್ ಮತ್ತು 2.2 ನ್ಯಾನೊಫ್ಯಾರಡಿನ ಫಿಲ್ಟರ್ ಇರುತ್ತದಲ್ಲ, ಆ ಕೆಪಾಸಿಟರ್ ಮಾತ್ರ ಸಿಓಜಿ ಬಗೆಯದ್ದೇ ಆಗಿರಲಿ. ಎಕ್ಸ್7ಆರ್ ಬಗೆಯದ್ದರ ಧಾರಕತೆ ವೋಲ್ಟೇಜಿನೊಂದಿಗೆ ಬದಲಾಗುವುದರಿಂದ ಸಿಗ್ನಲಿನ ದಾರಿಗೆ ಅದು ಸಲ್ಲದು.

ಪ್ರಶ್ನೆ: 24 ಬಿಟ್, 192 ಕಿಲೋಹರ್ಟ್ಸ್ ಇಲ್ಲದೆ ಹೈಫೈ ಆಗುವುದಿಲ್ಲವೇ? — ಉಪ್ಪಳದ ಓದುಗರು

ಉತ್ತರ: ಆಗುತ್ತದೆ. ಮನುಷ್ಯನ ಕಿವಿಯ ಮಿತಿ 20 ಕಿಲೋಹರ್ಟ್ಸಿನ ಆಸುಪಾಸು, 44.1 ಕಿಲೋಹರ್ಟ್ಸಿನಲ್ಲಿ ಅದು ಪೂರ್ತಿ ಅಡಕವಾಗುತ್ತದೆ. 112 ಡೆಸಿಬೆಲಿನ ಚಿಪ್ ಎಂದರೆ ನಿಜವಾಗಿ ದಕ್ಕುವುದು 18 ಬಿಟ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಕ್ಯಾಸೆಟ್ಟಿನಿಂದ ಇಳಿಸಿದ ಧ್ವನಿಗಾದರೆ ಟೇಪಿನ ಸುಯ್ಯೆನ್ನುವ ಸದ್ದೇ ಪೂರ್ಣ ಮಟ್ಟಕ್ಕಿಂತ 50–60 ಡೆಸಿಬೆಲ್ ಮಾತ್ರ ಕೆಳಗೆ ಕುಳಿತಿರುತ್ತದೆ, 16 ಬಿಟ್ ಬೇಕಾದಷ್ಟಾಯಿತು. ಇಳಿಸುವಾಗ ಎಂಪಿ3 ಮಾಡದೆ, ಧ್ವನಿಯಲ್ಲಿ ಏನನ್ನೂ ಕಳೆಯದ ಫ್ಲ್ಯಾಕ್ ರೂಪದಲ್ಲಿ ಇಡುವುದು ಇದಕ್ಕಿಂತ ಹೆಚ್ಚು ಮುಖ್ಯ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲವೂ ಬೂಸ್ಟು ಹಿಡಿಯುತ್ತದೆ, ತುಲಾ ತಿಂಗಳಲ್ಲಿ ಸಿಡಿಲು ಬೇರೆ. ಮನೆಯಲ್ಲಿ ಕಟ್ಟಿದ ಬೋರ್ಡು ಉಳಿಯುತ್ತದೆಯೇ? — ಮುಳ್ಳೇರಿಯದ ಓದುಗರು

ಉತ್ತರ: ಬೆಸುಗೆಯ ನಂತರ ಉಳಿಯುವ ಫ್ಲಕ್ಸೇ ಇಲ್ಲಿ ಮುಖ್ಯ ಶತ್ರು. ಒಣ ಹವೆಯಲ್ಲಿ ಅದು ಸುಮ್ಮನಿರುತ್ತದೆ. ಆಟಿಯ ತೇವಕ್ಕೆ ನೀರು ಹೀರಿಕೊಂಡು ಕಾಲುಗಳ ನಡುವೆ ಸಣ್ಣಗೆ ಕರೆಂಟು ಸೋರಲು ಬಿಡುತ್ತದೆ, ವರ್ಷಗಳಲ್ಲಿ ತಾಮ್ರವನ್ನು ಹಸಿರುಗಟ್ಟಿಸುತ್ತದೆ. ಪಿಸಿಎಂ 5102ಎಯ ಕಾಲುಗಳ ನಡುವಿನ ಅಂತರ ಕೇವಲ 0.65 ಮಿಲಿಮೀಟರ್ ಆದ್ದರಿಂದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಎರಡು ಸಲ ಉಜ್ಜಿ, ಎರಡನೆಯ ಸಲ ಹೊಸ ದ್ರವ ಬಳಸಿ, ಪೂರ್ತಿ ಒಣಗಿಸಿ, ಅನಂತರ ಪಿಸಿಬಿ ಲ್ಯಾಕರ್ ಹಚ್ಚಿ. ಸಾಕೆಟ್ಟುಗಳ ಒಳಗೆ ಅದು ಹೋಗದಂತೆ ಟೇಪು ಅಂಟಿಸಿರಿ. ಸಿಡಿಲಿಗೆ ಮಾತ್ರ ಪ್ಲಗ್ ತೆಗೆಯುವುದಲ್ಲದೆ ಬೇರೆ ನಂಬಿಕಸ್ತ ಉಪಾಯವಿಲ್ಲ. ತುಲಾ ತಿಂಗಳ ಮಧ್ಯಾಹ್ನ ಮೋಡ ಕಟ್ಟಿದ ಕೂಡಲೇ ಕರೆಂಟಿನ ಪ್ಲಗ್ಗನ್ನೂ, ಕಂಪ್ಯೂಟರಿಗೆ ಬರುವ ಬ್ರಾಡ್‌ಬ್ಯಾಂಡಿನ ತಾಮ್ರದ ವಯರನ್ನೂ ಕಳಚಿಡಿ. ಪ್ಲಗ್ ತೆಗೆದು ಆ ವಯರನ್ನು ಹಾಗೆಯೇ ಬಿಡುವ ಅಭ್ಯಾಸ ಹಲವರಿಗಿದೆ. ಅದರ ಮೂಲಕ ಬರುವ ಸಿಡಿಲಿನ ಹೊಡೆತ ಕಂಪ್ಯೂಟರನ್ನು ದಾಟಿ ಡ್ಯಾಕಿಗೂ ತಲುಪಬಲ್ಲದು.

ಪ್ರಶ್ನೆ: ನನ್ನಲ್ಲಿ ಆಸಿಲೋಸ್ಕೋಪ್ ಇಲ್ಲ, ಮಲ್ಟಿಮೀಟರ್ ಮಾತ್ರ ಇದೆ. ಆಂಪ್ಲಿಫೈಯರಿಗೆ ಜೋಡಿಸುವ ಮೊದಲು ಡ್ಯಾಕನ್ನು ಹೇಗೆ ಪರೀಕ್ಷಿಸಲಿ? — ನೀರ್ಚಾಲಿನ ಓದುಗರು

ಉತ್ತರ: ಆಂಪ್ಲಿಫೈಯರನ್ನು ದೂರವಿಟ್ಟು, ಏನನ್ನೂ ನುಡಿಸದೆ ಎರಡೂ ಔಟ್‌ಪುಟ್ಟುಗಳ ಡಿಸಿ ವೋಲ್ಟೇಜ್ ಅಳೆಯಿರಿ. ಕೆಲವೇ ಮಿಲಿವೋಲ್ಟ್ ಇರಬೇಕು. 50 ಮಿಲಿವೋಲ್ಟ್ ದಾಟಿದರೆ ಜೋಡಿಸದೆ ಕಾರಣ ಹುಡುಕಿ, ಇಲ್ಲವಾದರೆ ಸ್ಪೀಕರಿಗೆ ಅಪಾಯ. ಅನಂತರ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಪೂರ್ಣ ಮಟ್ಟದ 100 ಹರ್ಟ್ಸಿನ ಸೈನ್ ಅಲೆಯನ್ನು ಮಾಡಿ ನುಡಿಸಿ, ಎಸಿ ರೇಂಜಿನಲ್ಲಿ ನೋಡಿ. ಪಿಸಿಎಂ 5102ಎ ಆದರೆ 2.1 ವೋಲ್ಟಿನ ಹತ್ತಿರ ಬರಬೇಕು, ಎಡಬಲಗಳ ನಡುವೆ ಕಾಣುವಂತಹ ವ್ಯತ್ಯಾಸ ಇರಬಾರದು. 1 ಕಿಲೋಹರ್ಟ್ಸ್ ಬೇಡ, ಅಗ್ಗದ ಮೀಟರುಗಳ ಎಸಿ ಅಳತೆ ಕೆಲವು ನೂರು ಹರ್ಟ್ಸಿನ ಮೇಲೆ ನಂಬಿಕೆಗೆ ನಿಲ್ಲುವುದಿಲ್ಲ. ಎಡಕ್ಕೆ ಮಾತ್ರ, ಬಲಕ್ಕೆ ಮಾತ್ರ ಅಲೆ ಕೊಟ್ಟು ಚಾನೆಲುಗಳು ಅದಲುಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಇನ್ನೂ ಮುಂದೆ ಹೋಗಬೇಕೆಂದಿದ್ದರೆ ಡ್ಯಾಕಿನ ಔಟ್‌ಪುಟ್ಟನ್ನು ಕಂಪ್ಯೂಟರಿನ ಲೈನ್-ಇನ್ ಜಾಕಿಗೆ ಕೊಟ್ಟು, ಧ್ವನಿಮುದ್ರಿಸಿ, ಆಡಾಸಿಟಿಯ ಸ್ಪೆಕ್ಟ್ರಂ ನೋಟದಲ್ಲಿ ನೋಡಿ. ಲೈನ್-ಇನ್‌ಗೆ 2 ವೋಲ್ಟ್ ಹೆಚ್ಚಾಗಬಹುದು. ತಂತ್ರಾಂಶದಲ್ಲಿ ಅಲೆಯ ಮಟ್ಟವನ್ನು 12 ಡೆಸಿಬೆಲ್ ಇಳಿಸಿಯೇ ಆರಂಭಿಸಿ. ಈ ಪರೀಕ್ಷೆಗೆ 1 ಕಿಲೋಹರ್ಟ್ಸೇ ಸರಿ. 2 ಮತ್ತು 3 ಕಿಲೋಹರ್ಟ್ಸಿನಲ್ಲಿ ಎದ್ದ ಗೆರೆಗಳು ವಿರೂಪವನ್ನೂ, 50 ಮತ್ತು 100 ಹರ್ಟ್ಸಿನ ಗೆರೆಗಳು ಗ್ರೌಂಡ್ ಇಲ್ಲವೇ ಸಪ್ಲೈಯ ದೋಷವನ್ನೂ ತೋರಿಸುತ್ತವೆ. ಕಂಪ್ಯೂಟರಿನ ಸೌಂಡ್ ಕಾರ್ಡಿನ ಸ್ವಂತ ದೋಷವೂ ಇದರಲ್ಲಿ ಬೆರೆತಿರುತ್ತದೆ; ಆದ್ದರಿಂದ ಡ್ಯಾಕನ್ನು ಜೋಡಿಸದೆ ಒಮ್ಮೆ, ಜೋಡಿಸಿ ಒಮ್ಮೆ ಮುದ್ರಿಸಿಕೊಂಡು ಎರಡನ್ನೂ ಹೋಲಿಸಿ. ಕೊನೆಗೆ ಅಲೆಯ ಮಟ್ಟವನ್ನು 60 ಡೆಸಿಬೆಲ್ ಇಳಿಸಿ, ಹೆಡ್‌ಫೋನಿರುವ ಆಂಪ್ಲಿಫೈಯರಿನಲ್ಲಿ ಧ್ವನಿಯನ್ನು ಸ್ವಲ್ಪ ಏರಿಸಿ ಕೇಳಿ. ಆ ಮಟ್ಟದಲ್ಲಿ ಸ್ವರ ಶುದ್ಧವಾಗಿ ಕೇಳಿಸಬೇಕು. ಸ್ವರದ ಜೊತೆಯಲ್ಲೇ ಕರಕರ ಹುಟ್ಟಿ ಸ್ವರದೊಂದಿಗೇ ನಿಂತರೆ ಸಿಸ್ಟಂ ಕ್ಲಾಕಿನ ಕಾಲನ್ನೂ ಡಿಕಪ್ಲಿಂಗ್ ಕೆಪಾಸಿಟರುಗಳ ಬೆಸುಗೆಯನ್ನೂ ಮತ್ತೊಮ್ಮೆ ನೋಡಿರಿ. ಹಾಗೆ ಪರೀಕ್ಷಿಸುವಾಗ ಮುಂದಿನ ಹಾಡು ತಾನಾಗಿ ಆರಂಭವಾಗದಂತೆ ಪ್ಲೇಯರನ್ನು ಹೊಂದಿಸಿಕೊಳ್ಳಿ. ಏರಿಸಿಟ್ಟ ಧ್ವನಿಯಲ್ಲಿ ಪೂರ್ಣ ಮಟ್ಟದ ಹಾಡು ಬಂದರೆ ಕಿವಿಗೂ ಹೆಡ್‌ಫೋನಿಗೂ ಹಾನಿಯಾಗುತ್ತದೆ.